ನೆಲ ಡೊಂಕೆ, ಹೆಜ್ಜೆ ಡೊಂಕೆ?

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕೇಳದ ಕನ್ನಡಿಗನು ಇರಲಾರನು. ತನ್ನ ಕೊರತೆಯನ್ನು ಮರೆಸಿ ದೋಷವನ್ನು ಬೇರೊಂದರ ಮೇಲೆ ಹೊರಿಸುವವರನ್ನು ನಗೆಯಾಡಲು ನಮ್ಮ ಹಿರಿಯರು ಈ ಮಾತನ್ನು ಬಳಸುತ್ತ ಬಂದಿದ್ದಾರೆ. ಗಾದೆಯೇನೋ ಸತ್ಯವಾದುದೇ. ಆದರೆ ಅದನ್ನಾಡಿ ನಕ್ಕವರಲ್ಲಿ ಎಷ್ಟು ಮಂದಿ ಬಾಗಿ ನೆಲವನ್ನು ನೋಡಿದ್ದಾರೆ? ನೆಲವು ನಿಜವಾಗಿಯೂ ಡೊಂಕಾಗಿರುವುದೂ ಉಂಟಲ್ಲವೆ? ಆಗ ಕುಣಿಯುವವಳ ದೂರು ನೆಪವಲ್ಲ, ಸಾಕ್ಷ್ಯ. ನೆಪವಾವುದು, ಸಾಕ್ಷ್ಯವಾವುದು ಎಂದು ಬೇರ್ಪಡಿಸುವ ಬಗೆಯೇನು? ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ಕಸುಬಿನ ಒಂದು ಅಂಗವಾಗಿ ಮಾಡಿಕೊಂಡವರು ಇಂದು ಲೋಕದಲ್ಲಿದ್ದಾರೆ. ಅವರು ನ್ಯಾಯಾಧೀಶರಲ್ಲ, ತತ್ತ್ವಜ್ಞಾನಿಗಳೂ ಅಲ್ಲ. ಗಣಕಯಂತ್ರದ ಮೇಲೆ ಆಡುವ ಆಟಗಳನ್ನು ನಿರ್ಮಿಸುವವರು.

ವಿದ್ಯಾರ್ಥಿಗಳೇ, ಈ ಆಟಗಳ ಪರಿಚಯ ನಿಮ್ಮಲ್ಲಿ ಹಲವರಿಗೆ ನನಗಿಂತ ಹೆಚ್ಚಾಗಿಯೇ ಇದೆಯೆಂಬುದನ್ನು ನಾನು ಬಲ್ಲೆ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಮೆಟ್ಟಿಲುಗಳ ಮೇಲೆ ನಡೆಯುವ ನಿಮ್ಮ ಚರ್ಚೆಗಳಲ್ಲಿ ಕನ್ನಡ, ಮರಾಠಿ, ಹಿಂದಿಗಳ ನಡುವೆ 'ಲ್ಯಾಗ್', 'ಪಿಂಗ್' ಎಂಬ ಮಾತುಗಳು ತಪ್ಪದೆ ಕೇಳಿಬರುತ್ತವೆ. ಬೇರೆ ಬೇರೆ ಊರುಗಳಲ್ಲಿ ಕುಳಿತ ಆಟಗಾರರು ಅಂತರ್ಜಾಲದ ಮೂಲಕ ಎರಡು ಪಂಗಡಗಳಾಗಿ ಕೂಡಿ, ಕೃತಕ ಬಂದೂಕು ಹಿಡಿದು ಸೆಣಸುವ ಆಟಗಳನ್ನು ಕುರಿತು ನಾನಿಲ್ಲಿ ಬರೆಯುತ್ತಿದ್ದೇನೆ. ಅವುಗಳನ್ನು ಆಡಿರೆಂದು ಪ್ರೋತ್ಸಾಹಿಸುವುದು ನನ್ನ ಉದ್ದೇಶವಲ್ಲ. ಮುಂದೆ ವಿವರಿಸಲಿರುವ ವ್ಯಾಲೊರಂಟ್ ಎಂಬ ಆಟಕ್ಕೆ ಯೂರೋಪಿನ ವಯೋಮಿತಿ ಪದ್ಧತಿಯಲ್ಲಿ 16 ಎಂಬ ಗುರುತಿದೆ. ಅದನ್ನು ಕಿರಿಯರು ಗಮನಿಸಬೇಕು. ಆಟ ಪೇಟೆಗೆ ಬರುವ ಮುನ್ನ ನಡೆಯುವ ಪರೀಕ್ಷೆ, ಆ ಪರೀಕ್ಷೆಯಲ್ಲಿ ಆಟಗಾರರು ಹೇಳುವ ಮಾತು, ಆ ಮಾತನ್ನು ನಿರ್ಮಾಪಕರು ಕೇಳುವ ರೀತಿ, ಈ ಮೂರೇ ನನ್ನ ವಿಷಯ.

ಅಡುಗೆಯನ್ನು ಎಲೆಗೆ ಬಡಿಸುವ ಮುನ್ನ ಉಪ್ಪುಹುಳಿ ನೋಡುತ್ತಾರೆ. ಪುಸ್ತಕವನ್ನು ಮುದ್ರಿಸುವ ಮುನ್ನ ಕರಡಚ್ಚನ್ನು ತಿದ್ದುತ್ತಾರೆ. ನಾಟಕವನ್ನು ರಂಗಕ್ಕೇರಿಸುವ ಮುನ್ನ ತಾಲೀಮು ನಡೆಸುತ್ತಾರೆ. ಆಟಕ್ಕೂ ಹಾಗೆಯೇ. ಅದರ ಪರೀಕ್ಷೆಗಳನ್ನು ಗ್ರೀಕ್ ಅಕ್ಷರಮಾಲೆಯ ಮೊದಲೆರಡು ಅಕ್ಷರಗಳಿಂದ ಹೆಸರಿಸುವುದು ವಾಡಿಕೆ. ಸಾಮಾನ್ಯವಾಗಿ ನಿರ್ಮಾಪಕರ ಮನೆಯೊಳಗೆ ನಡೆಯುವ ಪರೀಕ್ಷೆ ಆಲ್ಫಾ. ಹೊರಗಿನ ಜನರನ್ನು ಕರೆದು ಆಡಿಸುವ ಪರೀಕ್ಷೆ ಬೀಟಾ. ಆಯ್ದವರಿಗೆ ಮಾತ್ರ ಪ್ರವೇಶವಿದ್ದರೆ ಅದು ಮುಚ್ಚಿದ ಬೀಟಾ. ಬಂದವರಿಗೆಲ್ಲ ಬಾಗಿಲು ತೆರೆದಿದ್ದರೆ ಅದು ತೆರೆದ ಬೀಟಾ.

ಈ ಪದ್ಧತಿಯ ಬಲವನ್ನು ಲೋಕಕ್ಕೆ ತೋರಿಸಿದ ಆಟಗಳಲ್ಲಿ ಕೌಂಟರ್-ಸ್ಟ್ರೈಕ್ ಮುಖ್ಯವಾದುದು. ಕೆನಡಾದ ಮಿನ್ ಲೆ, ಅಮೆರಿಕದ ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು, ಹಾಫ್-ಲೈಫ್ ಎಂಬ ಆಟವನ್ನು ಮಾರ್ಪಡಿಸಿ, 1999ರ ಜೂನ್ ತಿಂಗಳಲ್ಲಿ ಅದರ ಮೊದಲ ಬೀಟಾ ಆವೃತ್ತಿಯನ್ನು ಉಚಿತವಾಗಿ ಜನರ ಮುಂದಿಟ್ಟರು. ಆಗ ಅದರಲ್ಲಿ ಒತ್ತೆಯಾಳುಗಳನ್ನು ಬಿಡಿಸುವ ಸನ್ನಿವೇಶ ಮಾತ್ರವಿತ್ತು. ಜನರು ಆಡಿದರು, ಆಕ್ಷೇಪಿಸಿದರು, ಸಲಹೆಯಿತ್ತರು. ಇವರು ಮತ್ತೆ ಮತ್ತೆ ತಿದ್ದಿ ಹೊಸ ಆವೃತ್ತಿಗಳನ್ನು ಹೊರಡಿಸಿದರು. ಇಂದು ಆ ಆಟದ ಜೀವಾಳವೆನಿಸಿರುವ ಬಾಂಬು ನಿಷ್ಕ್ರಿಯಗೊಳಿಸುವ ಸನ್ನಿವೇಶವು ಹೀಗೆ ನಡುವೆ ಬಂದು ಸೇರಿದ್ದು. 2000ದ ನವೆಂಬರಿನಲ್ಲಿ ವಾಲ್ವ್ ಸಂಸ್ಥೆಯ ಆಶ್ರಯದಲ್ಲಿ ಅದು ಅಂಗಡಿಗೆ ಬಂದಾಗ, ಆಡುವವರ ಅನುಭವ ಅದರ ಕಟ್ಟಡದೊಳಗೆ ಸುಣ್ಣದ ಗಾರೆಯಂತೆ ಬೆರೆತುಹೋಗಿತ್ತು.

ಹೊರಗಿನವರನ್ನು ಕರೆಯುವುದೇತಕ್ಕೆ? ನಿರ್ಮಾಪಕರೇ ಆಡಿ ನೋಡಬಾರದೆ? ಇದಕ್ಕೆ ಉತ್ತರವನ್ನು ಗಣಿತವೇ ಕೊಡುತ್ತದೆ. ಐವರಿಗೆ ಐವರು ಎದುರಾಗುವ ಒಂದು ಆಟವನ್ನು ತೆಗೆದುಕೊಳ್ಳಿ. ಸಂಸ್ಥೆಯಲ್ಲಿ 100 ಮಂದಿ ಪರೀಕ್ಷಕರಿದ್ದಾರೆಂದು ಭಾವಿಸಿದರೆ, ಏಕಕಾಲದಲ್ಲಿ 10 ಪಂದ್ಯಗಳು ನಡೆಯಬಹುದು. ಒಂದು ಪಂದ್ಯಕ್ಕೆ 40 ನಿಮಿಷವೆಂದರೆ, 8 ಗಂಟೆಯ ಕೆಲಸದ ದಿನದಲ್ಲಿ ಒಟ್ಟು 120 ಪಂದ್ಯಗಳಾದವು. ಲಕ್ಷ ಪಂದ್ಯಗಳಲ್ಲಿ ಒಮ್ಮೆ ಮಾತ್ರ ತಲೆದೋರುವ ದೋಷವೊಂದಿದ್ದರೆ, ಅದನ್ನು ಕಾಣಲು ಇವರಿಗೆ ಸುಮಾರು 833 ದಿನಗಳು, ಎಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿದೀತು. ಅದೇ 30 ಲಕ್ಷ ಜನರು ದಿನಕ್ಕೆ ಒಂದೊಂದೇ ಪಂದ್ಯವಾಡಿದರೂ 3 ಲಕ್ಷ ಪಂದ್ಯಗಳಾಗುತ್ತವೆ. ಆ ದೋಷ ಮೊದಲನೆಯ ದಿನವೇ ಮೂರು ಬಾರಿ ಕಣ್ಣಿಗೆ ಬೀಳುತ್ತದೆ. ಈ ಸಂಖ್ಯೆ ಕೇವಲ ಕಲ್ಪನೆಯಲ್ಲ. ಬ್ಲಿಝರ್ಡ್ ಸಂಸ್ಥೆಯ ಓವರ್‌ವಾಚ್ ಎಂಬ ಆಟದ ತೆರೆದ ಬೀಟಾದಲ್ಲಿ, 2016ರ ಮೇ ತಿಂಗಳ ಕೆಲವೇ ದಿನಗಳಲ್ಲಿ, 97 ಲಕ್ಷ ಮಂದಿ ಆಡಿದರು.

ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಮನೆ ಕಟ್ಟಿದವನಿಗೆ ಅದರ ಮೆಟ್ಟಿಲು ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂಬುದು ಕಾಲಿಗೇ ಗೊತ್ತಿರುತ್ತದೆ, ಅವನು ಎಡವುವುದಿಲ್ಲ. ಎಡವುವವನು ಹೊಸಬ. ಆದುದರಿಂದ ಮೆಟ್ಟಿಲಿನ ದೋಷವನ್ನು ಹೇಳಲು ಹೊಸಬನೇ ಬೇಕು.

ಇನ್ನು ಒಂದು ನಿದರ್ಶನವನ್ನು ಸ್ವಲ್ಪ ವಿವರವಾಗಿ ನೋಡೋಣ. ಅಮೆರಿಕದ ಲಾಸ್ ಏಂಜಲೀಸ್ ನಗರದ ರಾಯಟ್ ಗೇಮ್ಸ್ ಸಂಸ್ಥೆಯು ನಿರ್ಮಿಸಿದ ವ್ಯಾಲೊರಂಟ್ ಎಂಬ ಆಟದ ಮುಚ್ಚಿದ ಬೀಟಾ 2020ರ ಏಪ್ರಿಲ್ 7ರಂದು ಆರಂಭವಾಗಿ ಮೇ 28ರಂದು ಮುಗಿಯಿತು. ಜೂನ್ 2ರಂದು ಆಟ ಪ್ರಕಟವಾಯಿತು. ಇದರಲ್ಲಿ ಒಂದು ಪಂಗಡದ ಐವರು ಸ್ಫೋಟಕವನ್ನು ನಿಯತ ಸ್ಥಳದಲ್ಲಿ ಹೂಡಬೇಕು. ಇನ್ನೊಂದು ಪಂಗಡದ ಐವರು ಅದನ್ನು ತಡೆಯಬೇಕು. ಮೊದಲು 13 ಸುತ್ತುಗಳನ್ನು ಗೆದ್ದವರಿಗೆ ಜಯ. ಪ್ರತಿಯೊಬ್ಬ ಆಟಗಾರನೂ ಒಂದೊಂದು ಪಾತ್ರವನ್ನು ಆರಿಸಿಕೊಳ್ಳುತ್ತಾನೆ. ಗೋಡೆಯೆಬ್ಬಿಸುವುದು, ಹೊಗೆ ಹಾಕುವುದು, ಗಾಯ ಮಾಯಿಸುವುದು ಹೀಗೆ ಒಂದೊಂದು ಪಾತ್ರಕ್ಕೆ ಒಂದೊಂದು ವಿಶೇಷ ಶಕ್ತಿ. ಬೀಟಾದಲ್ಲಿ 10 ಪಾತ್ರಗಳೂ ಮೂರು ರಣಾಂಗಣಗಳೂ ಇದ್ದವು. ಪರೀಕ್ಷೆ ಮುಗಿದೊಡನೆ ಆಟಗಾರರು ಅದುವರೆಗೆ ಗಳಿಸಿದ್ದ ಪದವಿ, ಮುನ್ನಡೆಗಳೆಲ್ಲವೂ ಅಳಿಸಲ್ಪಟ್ಟವು. ತಾಲೀಮಿನಲ್ಲಿ ಬಂದ ಚಪ್ಪಾಳೆ ನಾಟಕದ ದಿನಕ್ಕೆ ಲೆಕ್ಕಕ್ಕಿಲ್ಲವಷ್ಟೆ.

ಆ ಏಳು ವಾರಗಳಲ್ಲಿ ಬಂದ ದೂರುಗಳಲ್ಲಿ ಮೂರನ್ನು ಆರಿಸಿಕೊಳ್ಳುತ್ತೇನೆ. ಮೂರೂ ಮೂರು ಬಗೆಯವು.

ಮೊದಲನೆಯದು ರೇಜ್ ಎಂಬ ಪಾತ್ರವನ್ನು ಕುರಿತದ್ದು. ಬ್ರೆಜಿಲ್ ದೇಶದವಳೆಂದು ಕಲ್ಪಿತವಾದ ಈ ಪಾತ್ರಕ್ಕೆ ಸ್ಫೋಟಕಗಳೇ ಶಕ್ತಿ. ಅವಳು ಎಸೆಯುವ ಗ್ರೆನೇಡು ಸಿಡಿದು ಹಲವು ಚೂರುಗಳಾಗಿ ಮತ್ತೆ ಸಿಡಿಯುತ್ತಿತ್ತು. ಅಂಥವು ಅವಳ ಬಳಿ ಎರಡು ಇರುತ್ತಿದ್ದವು. ಗುರಿಯಿಟ್ಟು ಹೊಡೆಯುವ ಕೌಶಲವನ್ನು ಅವಲಂಬಿಸಿದ ಆಟದಲ್ಲಿ ಇದೆಂತಹ ಅನ್ಯಾಯ, ಇವಳನ್ನು ತೆಗೆದೇ ಹಾಕಿರಿ ಎಂಬ ಕೂಗೆದ್ದಿತು. ನಿರ್ಮಾಪಕರು ಅವಳನ್ನು ತೆಗೆಯಲಿಲ್ಲ. ಕೂಗನ್ನು ಅಲಕ್ಷಿಸಲೂ ಇಲ್ಲ. ಏಪ್ರಿಲ್ ಕೊನೆಯ ತಿದ್ದುಪಡಿಯಲ್ಲಿ ಗ್ರೆನೇಡುಗಳನ್ನು ಎರಡರಿಂದ ಒಂದಕ್ಕೆ ಇಳಿಸಿದರು. ಇನ್ನೊಂದು ಬೇಕಾದರೆ ಅವಳು ಇಬ್ಬರು ಎದುರಾಳಿಗಳನ್ನು ಕೆಡವಬೇಕೆಂದು ಕಟ್ಟುಮಾಡಿದರು. ಅದರ ಜೊತೆಗೆ ಆ ಸ್ಫೋಟಕಗಳ ಸದ್ದನ್ನು ಹೆಚ್ಚು ಸ್ಪಷ್ಟಗೊಳಿಸಿದರು. ಈ ಕೊನೆಯ ಬದಲಾವಣೆಯ ಮರ್ಮವನ್ನು ಗಮನಿಸಿರಿ. ಅಪಾಯವು ಮುನ್ಸೂಚನೆಯಿಲ್ಲದೆ ಬಂದೆರಗಿದರೆ ಮನುಷ್ಯನಿಗೆ ಅದು ಅನ್ಯಾಯವೆಂದು ತೋರುತ್ತದೆ. ಅದೇ ಅಪಾಯವು ಸದ್ದು ಮಾಡುತ್ತ ಬಂದರೆ, ಓಡದೆ ನಿಂತ ತಪ್ಪು ತನ್ನದೆಂದು ಅವನು ಒಪ್ಪಿಕೊಳ್ಳುತ್ತಾನೆ. ಆಟಗಾರರ ನೋವು ನಿಜವಾಗಿತ್ತು. ಅವರು ಸೂಚಿಸಿದ ಮದ್ದು ಮಾತ್ರ ಸರಿಯಾಗಿರಲಿಲ್ಲ. ರೋಗಿಯು ಹೊಟ್ಟೆನೋವೆಂದರೆ ವೈದ್ಯನು ನಂಬಲೇಬೇಕು; ಹೊಟ್ಟೆಯನ್ನು ಕತ್ತರಿಸಿರಿ ಎಂದರೆ ನಂಬಬೇಕಾಗಿಲ್ಲ.

ಎರಡನೆಯ ದೂರು ಗುಂಡಿನ ಲೆಕ್ಕದ್ದು. "ನಾನು ತಲೆಗೇ ಹೊಡೆದೆ, ಕಣ್ಣಾರೆ ಕಂಡೆ, ಆದರೆ ಆಟ ಲೆಕ್ಕಕ್ಕೆ ಹಿಡಿಯಲಿಲ್ಲ" ಎಂದು ಅನೇಕರು ಆಕ್ಷೇಪಿಸಿದರು. ಕೆಲವರು ಆಟದ ತುಣುಕುಗಳನ್ನು ಚಿತ್ರೀಕರಿಸಿ ಮುಂದಿಟ್ಟರು. ನಿರ್ಮಾಪಕರು ತನಿಖೆಗಿಳಿದರು. ಯಂತ್ರದ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದುದು ಚಿತ್ರದಲ್ಲಿ. ಗುಂಡು ತಾಗಿದಾಗ ಕಾಣಿಸುವ ಕಿಡಿಯು ಎದುರಾಳಿಯ ದೇಹಕ್ಕೆ ಅಂಟಿಕೊಂಡು ಅವನೊಡನೆಯೇ ಚಲಿಸುತ್ತಿದ್ದುದರಿಂದ, ಗುಂಡು ಎಲ್ಲಿ ತಾಗಿತೆಂಬ ವಿಷಯದಲ್ಲಿ ನೋಡುವವನಿಗೆ ಭ್ರಮೆಯುಂಟಾಗುತ್ತಿತ್ತು. ಆದ್ದರಿಂದ ಅವರು ತಿದ್ದಿದುದು ಲೆಕ್ಕವನ್ನಲ್ಲ, ಕಿಡಿಯನ್ನು. ಇಲ್ಲಿ ನೆಲ ನೆಟ್ಟಗಿತ್ತು. ನೆಲದ ಮೇಲೆ ಬಿದ್ದ ಬೆಳಕು ಡೊಂಕಾಗಿತ್ತು. ಆಟಗಾರನು ಸುಳ್ಳಾಡಲಿಲ್ಲ, ತಾನು ಕಂಡುದನ್ನೇ ಹೇಳಿದನು. ಸತ್ಯವಂತನ ಮಾತನ್ನೂ ಪರೀಕ್ಷಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಮೂರನೆಯ ದೂರು ಎಲ್ಲಕ್ಕಿಂತ ಸ್ವಾರಸ್ಯವಾದುದು. ಏಕೆಂದರೆ ಇಲ್ಲಿ ನೆಲವು ನಿಜವಾಗಿಯೂ ಡೊಂಕು, ಮತ್ತು ಅದನ್ನು ಪೂರ್ತಿಯಾಗಿ ನೆಟ್ಟಗೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಗೋಡೆಯ ಮೂಲೆಯೊಂದನ್ನು ಕಲ್ಪಿಸಿಕೊಳ್ಳಿರಿ. ರಾಮನು ಅದರ ಕಡೆಗೆ ಬಂದೂಕನ್ನು ಗುರಿಯಿಟ್ಟು ಅಲ್ಲಾಡದೆ ಕಾದು ನಿಂತಿದ್ದಾನೆ. ಸೋಮನು ಮೂಲೆಯ ಆಚೆಯಿಂದ ಓಡಿಬರುತ್ತಾನೆ. ನ್ಯಾಯವಾಗಿ ನೋಡಿದರೆ ಸಿದ್ಧನಾಗಿ ನಿಂತ ರಾಮನಿಗೇ ಅನುಕೂಲವಿರಬೇಕು. ಆದರೆ ಅನೇಕ ಸಲ ಸೋಮನೇ ಗೆಲ್ಲುತ್ತಾನೆ. ಏಕೆ?

ಇಬ್ಬರ ಯಂತ್ರಗಳೂ ದೂರದಲ್ಲಿರುವ ಒಂದು ಕೇಂದ್ರಯಂತ್ರಕ್ಕೆ, ಎಂದರೆ ಸರ್ವರಿಗೆ, ಜೋಡಿಸಲ್ಪಟ್ಟಿವೆ. ಸೋಮನು ಮೂಲೆ ದಾಟಿದ ಕ್ಷಣವೇ ಅವನ ಪರದೆಯ ಮೇಲೆ ರಾಮನು ಕಾಣಿಸುತ್ತಾನೆ. ಏಕೆಂದರೆ ರಾಮನು ನಿಂತಲ್ಲಿಯೇ ನಿಂತಿದ್ದಾನೆ. ಆದರೆ ಸೋಮನು ಮೂಲೆ ದಾಟಿದನೆಂಬ ವಾರ್ತೆ ಸೋಮನ ಯಂತ್ರದಿಂದ ಸರ್ವರಿಗೆ ಹೋಗಿ, ಅಲ್ಲಿಂದ ರಾಮನ ಯಂತ್ರಕ್ಕೆ ಬರಬೇಕು. ಅಷ್ಟು ಹೊತ್ತು ರಾಮನ ಪರದೆಯ ಮೇಲೆ ಮೂಲೆಯು ಬರಿದಾಗಿಯೇ ಇರುತ್ತದೆ. ಇದನ್ನು ಇಣುಕುವವನ ಅನುಕೂಲವೆನ್ನಬಹುದು. ವಾರ್ತೆಯು ಸರ್ವರಿಗೆ ಹೋಗಿ ಮರಳಲು ಹಿಡಿಯುವ ಕಾಲವೇ ನೀವು ಹೇಳುವ 'ಪಿಂಗ್'. ಇಬ್ಬರ ಪಿಂಗೂ 35 ಮಿಲಿಸೆಕೆಂಡಾಗಿದ್ದರೆ, ಸೋಮನ ಕಡೆಯ ಅರ್ಧ, ರಾಮನ ಕಡೆಯ ಅರ್ಧ ಸೇರಿ ಸುಮಾರು 35 ಮಿಲಿಸೆಕೆಂಡುಗಳ ವಿಳಂಬ. ಇಬ್ಬರದೂ 120 ಆಗಿದ್ದರೆ ವಿಳಂಬವೂ ಸುಮಾರು 120. ಇದರ ಮೇಲೆ ಯಂತ್ರಗಳು ಲೆಕ್ಕ ಹಾಕಿ ಚಿತ್ರ ಬಿಡಿಸುವ ಹೊತ್ತು ಬೇರೆ. ಕಣ್ಣಿಗೆ ಕಂಡುದಕ್ಕೆ ಮನುಷ್ಯನ ಕೈ ಪ್ರತಿಕ್ರಿಯೆ ತೋರಲು ಬೇಕಾಗುವುದು ಸುಮಾರು ಕಾಲು ಸೆಕೆಂಡು, ಎಂದರೆ 250 ಮಿಲಿಸೆಕೆಂಡು. ಅದರ ಅರ್ಧದಷ್ಟು ಕಾಲವನ್ನು ಸೋಮನು ಮುಂಗಡವಾಗಿ ಪಡೆದುಕೊಂಡನೆಂದರೆ ಅದು ಸಣ್ಣ ಮಾತಲ್ಲ.

ಈ ಡೊಂಕನ್ನು ಕುಗ್ಗಿಸಲು ರಾಯಟ್ ಸಂಸ್ಥೆ ಎರಡು ಉಪಾಯಗಳನ್ನು ಹೂಡಿತು. ಅನೇಕ ಆಟಗಳ ಸರ್ವರುಗಳು ಸೆಕೆಂಡಿಗೆ 64 ಬಾರಿ ಅಥವಾ ಅದಕ್ಕೂ ಕಡಮೆ ಲೆಕ್ಕ ಹಾಕುತ್ತಿದ್ದರೆ, ಇವರ ಸರ್ವರು 128 ಬಾರಿ ಲೆಕ್ಕ ಹಾಕುವಂತೆ ರಚಿತವಾಯಿತು. ಎಂದರೆ ಪ್ರತಿ 7.8 ಮಿಲಿಸೆಕೆಂಡಿಗೊಮ್ಮೆ. ಎರಡನೆಯದಾಗಿ, ನೂರಕ್ಕೆ 70 ಮಂದಿ ಆಟಗಾರರಿಗೆ 35 ಮಿಲಿಸೆಕೆಂಡಿನೊಳಗಿನ ಪಿಂಗ್ ದೊರೆಯಬೇಕೆಂಬ ಗುರಿಯನ್ನಿಟ್ಟುಕೊಂಡು ಹಲವು ನಗರಗಳಲ್ಲಿ ಸರ್ವರುಗಳನ್ನು ಸ್ಥಾಪಿಸಲು ಹೊರಟಿತು. ಡೊಂಕು ಕುಗ್ಗಿತು, ಇಲ್ಲವಾಗಲಿಲ್ಲ. ಬೆಳಕಿಗೂ ಒಂದು ವೇಗದ ಮಿತಿಯಿದೆಯಲ್ಲವೆ?

ಇಲ್ಲಿಯವರೆಗೆ ಆಟಗಾರರು ಬಾಯಿಬಿಟ್ಟು ಹೇಳಿದ ಮಾತುಗಳಾದವು. ಹೇಳದೆ ಉಳಿದ ಮಾತುಗಳ ಗತಿಯೇನು? ಇದಕ್ಕೆ ಹೇಲೋ 3 ಎಂಬ ಹಿಂದಿನ ಆಟದ ಕಥೆಯನ್ನು ನೋಡಬೇಕು. 2007ರ ಸೆಪ್ಟೆಂಬರ್ 25ರಂದು ಪ್ರಕಟವಾದ ಈ ಆಟವನ್ನು ಬಂಗೀ ಸಂಸ್ಥೆ ನಿರ್ಮಿಸಿತು. ಅದರ ಬೀಟಾ ಮೇ, ಜೂನ್ ತಿಂಗಳುಗಳಲ್ಲಿ ನಡೆದು, 8 ಲಕ್ಷಕ್ಕೂ ಮಿಕ್ಕಿದ ಜನರು ಅದರಲ್ಲಿ ಭಾಗವಹಿಸಿದರು. ಅದಲ್ಲದೆ ಮೈಕ್ರೋಸಾಫ್ಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಸುಮಾರು 600 ಮಂದಿ ಸಾಮಾನ್ಯ ಆಟಗಾರರನ್ನು ಕೂರಿಸಿ, 3,000 ಗಂಟೆಗೂ ಹೆಚ್ಚು ಕಾಲ ಆಡಿಸಿ, ಅವರ ಪ್ರತಿಯೊಂದು ನಡೆಯನ್ನೂ ದಾಖಲಿಸಿಕೊಂಡರು. ಯಾವ ಸ್ಥಳದಲ್ಲಿ ಹೆಚ್ಚು ಮಂದಿ ಸತ್ತರೋ ಆ ಸ್ಥಳ ನಕ್ಷೆಯಲ್ಲಿ ಕೆಂಪಾಗಿ ತೋರುವಂತೆ ಬಣ್ಣ ತುಂಬಿದರು. ಎರಡು ಪಂಗಡಗಳಿಗೂ ಸಮನಾಗಿರಬೇಕಾದ ರಣಾಂಗಣದಲ್ಲಿ ಒಂದೇ ಕಡೆ ಕೆಂಪು ದಟ್ಟವಾಗಿದ್ದರೆ, ಅಲ್ಲಿನ ಏರುತಗ್ಗುಗಳು ಒಂದು ಪಂಗಡಕ್ಕೆ ಒಲಿದಿವೆಯೆಂದು ಅರ್ಥ. ಆಗ ನಿರ್ಮಾಪಕನು ಮಣ್ಣನ್ನೇ ಸರಿಸಿ ಸಮಮಾಡುತ್ತಾನೆ. ಗಾದೆಯ ನೆಲವನ್ನು ಅಕ್ಷರಶಃ ಅಳೆಯುವ ಪದ್ಧತಿ ಇದು!

ಈ ದಾಖಲೆಗಳಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಒಬ್ಬನೇ ಆಡುವ ಕಥಾಭಾಗದ ಆರಂಭದ ಹಂತವೊಂದರಲ್ಲಿ ಬಹಳ ಮಂದಿಯ ಗುಂಡುಗಳು ನಡುವೆಯೇ ಮುಗಿದುಹೋಗುತ್ತಿದ್ದವು. ಪರಿಶೀಲಿಸಿದಾಗ, ಬಂದೂಕಿನ ಅಳವಿಗೆ ಮೀರಿದ ದೂರದಲ್ಲಿದ್ದ ಶತ್ರುಗಳ ಮೇಲೆ ಅವರು ಗುಂಡು ಹಾರಿಸಿ ವ್ಯರ್ಥಮಾಡುತ್ತಿದ್ದರೆಂದು ತಿಳಿಯಿತು. ದೂರವನ್ನು ಅರಿಯುವ ದಾರಿಯೇ ಅವರಿಗೆ ತೋರಿರಲಿಲ್ಲ. ನಿರ್ಮಾಪಕರು ಉಪದೇಶ ಬರೆದು ಅಂಟಿಸಲಿಲ್ಲ; ಶತ್ರುವು ಅಳವಿನೊಳಗೆ ಬಂದಾಗ ಮಾತ್ರ ಗುರಿಯ ಗುರುತು ಕೆಂಪಾಗುವಂತೆ ಮಾಡಿದರು. ಅಷ್ಟರಿಂದಲೇ ಯಾವಾಗ ಹೊಡೆಯಬೇಕೆಂಬುದು ಆಟಗಾರನಿಗೆ ತಾನಾಗಿ ತಿಳಿಯುವಂತಾಯಿತು. ಗುಂಡು ಮುಗಿದಾಗ ತನ್ನನ್ನೇ ಹಳಿದುಕೊಂಡು ಸುಮ್ಮನಿರುವವನ ಪರವಾಗಿ ಇಲ್ಲಿ ಅಂಕೆಗಳು ಸಾಕ್ಷಿ ನುಡಿದವು.

ಹಾಗಾದರೆ ಜನರ ಮಾತನ್ನು ಬಿಟ್ಟು ಅಂಕೆಗಳನ್ನು ಮಾತ್ರ ನಂಬಿದರೆ ಸಾಲದೆ? ಸಾಲದು. ಅಂಕೆಯು ಏನಾಯಿತೆಂದು ಹೇಳುತ್ತದೆ, ಏನನ್ನಿಸಿತೆಂದು ಹೇಳಲಾರದು. ಓವರ್‌ವಾಚ್ ಆಟದಲ್ಲಿ 2016ರ ಆರಂಭದಲ್ಲಿ ದರ್ಜೆ ನಿರ್ಣಯಿಸುವ ಸ್ಪರ್ಧಾಪದ್ಧತಿಯೊಂದನ್ನು ಮುಚ್ಚಿದ ಬೀಟಾದಲ್ಲಿ ಪರೀಕ್ಷಿಸಿದರು. ತಿಂಗಳಿಗೊಂದು ಋತುವೆಂಬುದು ಬಹಳ ಅಲ್ಪಾವಧಿಯೆಂದೂ ತಮ್ಮ ನಿಜವಾದ ಸಾಮರ್ಥ್ಯವನ್ನು ದರ್ಜೆಯು ತೋರಿಸುತ್ತಿಲ್ಲವೆಂದೂ ಆಟಗಾರರಿಗೆ ಅನ್ನಿಸಿತು. ನಿರ್ಮಾಪಕರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಮೇ 24ರಂದು ಆಟ ಪ್ರಕಟವಾದಾಗ ಸ್ಪರ್ಧಾವಿಭಾಗ ಅದರಲ್ಲಿರಲೇ ಇಲ್ಲ. ದೀರ್ಘ ಋತುಗಳೊಡನೆ ಹೊಸದಾಗಿ ರೂಪುಗೊಂಡು ಜೂನ್ ಕೊನೆಯಲ್ಲಿ ಬಂದಿತು. ಆಗಲೂ, ಸಮಬಲವಾದ ಪಂದ್ಯಗಳನ್ನು ನಾಣ್ಯ ಚಿಮ್ಮಿದಂತೆ ಅದೃಷ್ಟದಿಂದ ಪಕ್ಷ ನಿರ್ಣಯಿಸಿ ಮುಗಿಸುವ ಕ್ರಮ ಜನರಿಗೆ ಹಿಡಿಸಲಿಲ್ಲ. ಅಂಕೆಯ ಪ್ರಕಾರ ನಾಣ್ಯಕ್ಕಿಂತ ನಿಷ್ಪಕ್ಷಪಾತಿಯಾದುದು ಬೇರೊಂದಿಲ್ಲ. ಆದರೆ ಅರ್ಧ ಗಂಟೆ ಬೆವರು ಸುರಿಸಿದವನಿಗೆ ನಾಣ್ಯದ ತೀರ್ಪು ಅವಮಾನವೆಂದೇ ತೋರುತ್ತದೆ. ಎರಡನೆಯ ಋತುವಿನಲ್ಲಿ ಅದನ್ನು ತೆಗೆದುಹಾಕಿದರು.

ಕೆಲವು ದೂರುಗಳು ಆಟದ ಎಲ್ಲೆಯನ್ನೇ ಮೀರಿದವು. ವ್ಯಾಲೊರಂಟ್ ಆಟದೊಡನೆ ವ್ಯಾನ್‌ಗಾರ್ಡ್ ಎಂಬ ಕಾವಲು ತಂತ್ರಾಂಶವೊಂದನ್ನು ಸ್ಥಾಪಿಸಬೇಕಾಗಿತ್ತು. ಮೋಸಗಾರರನ್ನು ಹಿಡಿಯುವುದು ಅದರ ಕೆಲಸ. ಅದರ ಒಂದು ಭಾಗವು ಗಣಕಯಂತ್ರದ ಒಳಗರ್ಭದಲ್ಲಿ, ಯಂತ್ರ ಚಾಲೂ ಆದ ಕ್ಷಣದಿಂದ, ಆಟವಾಡದಿದ್ದಾಗಲೂ ಎಚ್ಚರವಾಗಿರುತ್ತಿತ್ತು. ಮೋಸವನ್ನು ತಡೆಯಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಬೀದಿಯನ್ನು ಕಾಯುವವನು ನನ್ನ ಅಡುಗೆಮನೆಯಲ್ಲಿ ಏಕೆ ಕುಳಿತಿರಬೇಕು ಎಂದು ಆಟಗಾರರು ಪ್ರಶ್ನಿಸಿದರು. ಬೀಟಾ ನಡೆಯುತ್ತಿದ್ದಾಗಲೇ ಸಂಸ್ಥೆಯು, ಕಾವಲು ಎಚ್ಚರವಾಗಿದೆಯೆಂದು ತೋರಿಸುವ ಗುರುತನ್ನೂ, ಬೇಡವೆಂದಾಗ ಅದನ್ನು ನಿಲ್ಲಿಸುವ ಅನುಕೂಲವನ್ನೂ ಒದಗಿಸಿತು. ನಿಲ್ಲಿಸಿದರೆ, ಯಂತ್ರವನ್ನು ಪುನಃ ಚಾಲೂ ಮಾಡದೆ ಆಟವಾಡುವಂತಿಲ್ಲ. ಪ್ರಜೆಯು ರಾಜ್ಯವನ್ನು ಕೇಳಬೇಕಾದ ಪ್ರಶ್ನೆಯನ್ನು ಇಲ್ಲಿ ಆಟಗಾರನು ಆಟವನ್ನು ಕೇಳಿದನು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಟುವಾದ ಪ್ರಶ್ನೆ ಉಳಿಯುತ್ತದೆ. ಪರೀಕ್ಷೆಗೆ ಕರೆಯಲ್ಪಡದವನ ಮಾತನ್ನು ಕೇಳುವವರಾರು? ವ್ಯಾಲೊರಂಟಿನ ಮುಚ್ಚಿದ ಬೀಟಾ ಮೊದಲು ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಆರಂಭವಾಗಿ, ಬಳಿಕ ಬ್ರೆಜಿಲ್, ಕೊರಿಯಾ ಮೊದಲಾದೆಡೆಗೆ ಹಬ್ಬಿತು. ಭಾರತಕ್ಕೆ ಆ ಕರೆ ಬರಲಿಲ್ಲ. ಆಯ್ಕೆಯೂ ಬಹುಮಟ್ಟಿಗೆ, ಇತರರು ಆಡುವುದನ್ನು ಅಂತರ್ಜಾಲದಲ್ಲಿ ಗಂಟೆಗಟ್ಟಲೆ ನೋಡುತ್ತ ಕುಳಿತವರಿಗೆ ಲಾಟರಿಯಂತೆ ದೊರೆಯುತ್ತಿತ್ತು. ಒಳ್ಳೆಯ ಯಂತ್ರ, ಬಿಡುವಿನ ಹೊತ್ತು, ತಡೆಯಿಲ್ಲದ ಸಂಪರ್ಕ ಈ ಮೂರೂ ಉಳ್ಳವರ ಮಾತೇ ನಿರ್ಮಾಪಕರ ಕಿವಿಗೆ ಹೆಚ್ಚಾಗಿ ಬಿದ್ದಿತು. ನೂರಕ್ಕೆ 70 ಮಂದಿಗೆ ಅನುಕೂಲವಾಗಬೇಕೆಂಬ ಗುರಿ ಒಳ್ಳೆಯದೇ. ಉಳಿದ 30 ಮಂದಿ ಯಾರು?

ಗಣಿತದಿಂದಲೇ ಇದನ್ನೂ ನೋಡಬಹುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹರಿಯುತ್ತದೆ. ಮುಂಬಯಿಯಿಂದ ಸಿಂಗಪುರಕ್ಕೆ ನೇರ ದೂರವೇ ಸುಮಾರು 3,900 ಕಿಲೋಮೀಟರ್. ಹೋಗಿಬರಲು, ಯಾವ ತಡೆಯೂ ಇಲ್ಲದಿದ್ದರೂ, 39 ಮಿಲಿಸೆಕೆಂಡು ಬೇಕು. ನಿಜವಾದ ತಂತಿ ಸಮುದ್ರದೊಳಗೆ ಸುತ್ತಿಬಳಸಿ ಹೋಗುತ್ತದೆ. ನಡುವೆ ಹಲವು ಯಂತ್ರಗಳು ವಾರ್ತೆಯನ್ನು ಹಿಡಿದು ಬಿಡುತ್ತವೆ. ಎಂದಮೇಲೆ ಸರ್ವರು ಸಿಂಗಪುರದಲ್ಲಿದ್ದರೆ, ಮುಂಬಯಿಯ ಹುಡುಗನು ಎಷ್ಟೇ ಜಾಣನಾದರೂ 35 ಮಿಲಿಸೆಕೆಂಡಿನ ಪಿಂಗ್ ಅವನಿಗೆ ದೊರೆಯಲಾರದು. ಬಳಿಕ ಮುಂಬಯಿಯಲ್ಲಿಯೇ ಆ ಆಟದ ಸರ್ವರು ಸ್ಥಾಪಿತವಾಯಿತು. ನಮ್ಮ ಕಡೆಯ ಆಟಗಾರರಿಗೆ ಅದರಿಂದಾದ ಉಪಕಾರ ಯಾವ ಅಭ್ಯಾಸದಿಂದಲೂ ಆಗುವಂತಹುದಲ್ಲ. ಈಗ ನಮ್ಮ ದೇಶದಲ್ಲಿಯೂ ಇಂತಹ ಆಟಗಳು ಹುಟ್ಟುತ್ತಿವೆ. ಪುಣೆಯ ಸೂಪರ್‌ಗೇಮಿಂಗ್ ಸಂಸ್ಥೆಯ 'ಇಂಡಸ್' ಎಂಬ ಆಟವು 2024ರ ಅಕ್ಟೋಬರಿನಲ್ಲಿ ಪ್ರಕಟವಾಗುವ ಮುನ್ನ ಅದರ ಬೀಟಾ ಪರೀಕ್ಷೆಯೂ ನಡೆಯಿತು. ಆದುದರಿಂದ ಇನ್ನು ಮುಂದೆ ಕರೆ ನಿಮಗೂ ಬರಬಹುದು. ಬಂದಾಗ ಏನು ಹೇಳುವಿರಿ?

"ಆಟ ಸರಿಯಿಲ್ಲ, ಬರೀ ಮೋಸ" ಎಂದು ಬರೆದರೆ ಅದು ನಿಟ್ಟುಸಿರಾಯಿತೇ ಹೊರತು ಸಾಕ್ಷ್ಯವಾಗಲಿಲ್ಲ. ಅದನ್ನು ಓದಿದ ಎಂಜಿನಿಯರನು ಯಾವ ಸಾಲನ್ನು ತಿದ್ದಬೇಕು? ಅದೇ ಮಾತನ್ನು ಹೀಗೆ ಬರೆಯಬಹುದು: "ನಿನ್ನೆ ರಾತ್ರಿ ಎಂಟೂವರೆಗೆ, ಎರಡನೆಯ ರಣಾಂಗಣದಲ್ಲಿ, ನೀಲಿ ಬಾಗಿಲಿನ ಬಳಿ ಕುಳಿತು ಬಂದೂಕಿಗೆ ಗುಂಡು ತುಂಬುತ್ತಿದ್ದಾಗ ನಾನು ಗೋಡೆಯೊಳಗೆ ಸಿಕ್ಕಿಕೊಂಡೆ. ಎದ್ದುನಿಲ್ಲಲು ಆಗಲಿಲ್ಲ. ಐದು ಬಾರಿ ಹಾಗೆಯೇ ಮಾಡಿ ನೋಡಿದೆ. ಮೂರು ಬಾರಿ ಸಿಕ್ಕಿಕೊಂಡೆ. ಪಿಂಗ್ 40 ಇತ್ತು. ಗೆಳೆಯನ ಫೋನಿನಲ್ಲಿಯೂ ಹಾಗೆಯೇ ಆಯಿತು." ಎಲ್ಲಿ, ಯಾವಾಗ, ಏನು ಮಾಡಿದಾಗ, ಏನಾಗಬೇಕಿತ್ತು, ಏನಾಯಿತು, ಎಷ್ಟು ಬಾರಿ? ಇಷ್ಟು ಇದ್ದರೆ ದೂರು ಸಾಕ್ಷ್ಯವಾಗುತ್ತದೆ. ನಿಮ್ಮ ವಿಜ್ಞಾನದ ಪ್ರಯೋಗ ಪುಸ್ತಕದಲ್ಲಿ ಬರೆಯುವುದೂ ಇದನ್ನೇ. ಕನ್ನಡದ ಪತ್ರಲೇಖನದಲ್ಲಿ, ನಲ್ಲಿಯಲ್ಲಿ ನೀರು ಬಾರದೆಂದು ನಗರಸಭೆಗೆ ಅರ್ಜಿ ಬರೆಯಿರಿ ಎಂದಾಗ ನಾನು ನಿಮ್ಮಿಂದ ಬಯಸುವುದೂ ಇದನ್ನೇ. ನೋವನ್ನು ಸ್ಪಷ್ಟವಾಗಿ ಹೇಳಬಲ್ಲವನಿಗೆ ಯಾವ ಭಾಷೆಯಲ್ಲಾದರೂ ಬೆಲೆಯುಂಟು. ತಾಯಿನುಡಿಯಲ್ಲಿ ಸ್ಪಷ್ಟವಾಗಿ ಆಲೋಚಿಸಲು ಕಲಿತವನು ಅದನ್ನು ಮತ್ತೊಂದು ಭಾಷೆಗೆ ಒಯ್ಯುವುದು ಕಷ್ಟವಲ್ಲ. ಯಾವ ಭಾಷೆಯಲ್ಲಿಯೂ ಸ್ಪಷ್ಟತೆಯಿಲ್ಲದವನು ಏನನ್ನು ಒಯ್ದಾನು?

ಊರು ಬಿಟ್ಟು ಬಂದ ನಮ್ಮ ಮನೆಗಳ ಮಕ್ಕಳಲ್ಲಿ ನಾನು ಎರಡು ಸ್ವಭಾವಗಳನ್ನು ಕಾಣುತ್ತೇನೆ. ಕೆಲವರು ಸೋತಾಗಲೆಲ್ಲ ನೆಲವನ್ನೇ ಬೈಯುತ್ತಾರೆ. ಇವರಿಗೆ ಗಾದೆಯೇ ಸಾಕು. ಇನ್ನು ಕೆಲವರು ಸೋತಾಗಲೆಲ್ಲ ತಮ್ಮ ಕಾಲನ್ನೇ ಬೈದುಕೊಳ್ಳುತ್ತಾರೆ. ಅಣ್ಣ ಬಳಸಿ ಬಿಟ್ಟ, ಪರದೆ ಬಿರಿದ ಹಳೆಯ ಫೋನು; ಒಂದೇ ಕೋಣೆಯಲ್ಲಿ ಐದು ಮಂದಿ ಹಂಚಿಕೊಳ್ಳುವ ಸಂಪರ್ಕ; ಆದರೂ ಸೋಲಿಗೆ ಕಾರಣ ತನ್ನ ದಡ್ಡತನವೇ ಎಂದು ತಲೆ ತಗ್ಗಿಸುವ ಹುಡುಗ ಹುಡುಗಿಯರಿದ್ದಾರೆ. ಆಟದಲ್ಲಿ ಹೀಗೆ ತಲೆ ತಗ್ಗಿಸಲು ಕಲಿತವರು ತರಗತಿಯಲ್ಲಿಯೂ, ನಾಳೆ ಕಛೇರಿಯಲ್ಲಿಯೂ ತಗ್ಗಿಸಿಯೇ ಇರುತ್ತಾರೆ. ನನಗೆ ಹೆಚ್ಚು ಚಿಂತೆ ಇವರದೇ. ಮೊದಲಿನವರನ್ನು ತಿದ್ದಲು ಸೋಲುಗಳು ಸಾಕಷ್ಟಿವೆ. ಇವರನ್ನು ತಿದ್ದಲು ಯಾರಾದರೂ ಬಾಗಿ ನೆಲ ಅಳೆಯುವುದನ್ನು ಕಲಿಸಬೇಕು.

ಅಳೆಯುವುದೇನೂ ದೊಡ್ಡ ವಿದ್ಯೆಯಲ್ಲ. ಅದೇ ಕೆಲಸವನ್ನು ಗೆಳೆಯನ ಫೋನಿನಲ್ಲಿ ಮಾಡಿ ನೋಡಿರಿ. ಪಿಂಗಿನ ಅಂಕೆಯನ್ನು ಬರೆದಿಡಿರಿ. ಹತ್ತು ಬಾರಿ ಮಾಡಿ ಎಣಿಸಿರಿ. ಲೆಕ್ಕವು ನಿಮ್ಮ ಹೆಜ್ಜೆಯನ್ನು ತೋರಿಸಿದರೆ ಸಂಕೋಚಪಡದೆ ಅಭ್ಯಾಸಕ್ಕೆ ಕೂಡಿರಿ. ಅಭ್ಯಾಸದಿಂದ ತಿದ್ದದ ಹೆಜ್ಜೆ ಇಲ್ಲ. ಲೆಕ್ಕವು ನೆಲವನ್ನು ತೋರಿಸಿದರೆ ಅಂಜದೆ ಹೇಳಿರಿ. ಎಲ್ಲಿ, ಎಷ್ಟು ಡೊಂಕೆಂದು ಬೆರಳಿಟ್ಟು ಹೇಳಿರಿ. ನೀವು ಹೇಳಿದುದರಿಂದ ನೆಲ ಸಮವಾದರೆ, ನಿಮ್ಮ ಹಿಂದೆ ಬರುವ, ನೀವು ಎಂದೂ ಕಾಣದ ಎಷ್ಟೋ ಮಂದಿ ಅಲ್ಲಿ ಎಡವದೆ ನಡೆದಾರು.